ಮಳೆಗಾಲದಲ್ಲಿ ಹಿತ್ತಾಳೆ ರೇಲಿಂಗ್ ಎದ್ದು ಬಂದ್ರೆ ಹಡಗು ಕೆಟ್ಟೋಯ್ತು ಅಂತಲ್ಲ

ಪ್ರಶ್ನೆ: ಸಾರ್, ನಂದು ಹೊಸನಗರ ತಾಲ್ಲೂಕು, ಹೈಸ್ಕೂಲ್ ಮೇಷ್ಟ್ರು. ಹದಿನಾಲ್ಕು ತಿಂಗಳಿಂದ 1/350 ಸ್ಕೇಲಿನ ಬಿಸ್ಮಾರ್ಕ್, ಅಂದ್ರೆ ಆ ಜರ್ಮನ್ ಯುದ್ಧನೌಕೆಯ ಪ್ಲಾಸ್ಟಿಕ್ ಮಾದರಿ, ಕಟ್ತಾ ಇದೀನಿ, ಅದಕ್ಕೆ ಹಿತ್ತಾಳೆ ಫೋಟೋ ಎಚ್ ಸೆಟ್ಟೂ, ಅಂದ್ರೆ ಆಸಿಡಲ್ಲಿ ಕೊರೆದ ತೆಳು ತಗಡಿನ ಪಾರ್ಟುಗಳು, ತರಿಸ್ಕೊಂಡಿದ್ದೆ. ಏಪ್ರಿಲ್ ರಜೆಯಲ್ಲಿ ಅಟ್ಟದ ರೂಮಲ್ಲಿ ಕೂತು ಡೆಕ್ ರೇಲಿಂಗ್ ಪೂರ್ತಿ ಸೂಪರ್ ಗ್ಲೂ ಹಾಕಿ ಅಂಟಿಸ್ದೆ, ಆಗ ಸ್ಕೇಲ್ ಇಟ್ಟು ಗೆರೆ ಎಳ್ದಂಗಿತ್ತು. ಆರಿದ್ರಾ ಮಳೆ ಹಿಡ್ಕೊಂಡ ಮೇಲೆ ಒಂದೊಂದೇ ಶುರುವಾಯ್ತು. ರೇಲಿಂಗ್ ಅಲೆ ಅಲೆ ಆಗಿದೆ, ಮೂತಿ ಹತ್ರ ಎರಡಿಂಚು ಎದ್ದೇ ಬಂದಿದೆ. ಆಮೇಲೆ ರಿಪೇರಿ ಅಂತ ಗ್ಲೂ ಹಾಕಿದ ಕಡೆಯೆಲ್ಲ ಬಿಳಿ ಬೂದಿ ಥರ ಕೂತಿದೆ, ಬೂಷ್ಟು ಅನ್ಕೊಂಡೆ. ಅಲ್ಲಲ್ಲಿ ಹಸಿರು ಚುಕ್ಕಿ. ಜೂನ್ ಕೊನೇಲಿ ಪೇಂಟಿಗೆ ಮೊದಲು ಅಂತ ಹೊಡೆದ ಪ್ರೈಮರ್ ಉಗುರು ತಾಗಿದ್ರೆ ಸಿಪ್ಪೆ ಥರ ಏಳುತ್ತೆ. ಎಲ್ಲಕ್ಕಿಂತ ಬೇಜಾರಾಗಿದ್ದು ಅಂದ್ರೆ ಬೆಸುಗೆ ಹಾಕಿ ಮಾಡಿಟ್ಟಿದ್ದ ಕ್ರೇನ್, ಯಾರೂ ಮುಟ್ಟಿಲ್ಲ, ಬೆಳಿಗ್ಗೆ ನೋಡಿದ್ರೆ ಮಡಚಿದ ಜಾಗದಲ್ಲೇ ಎರಡು ತುಂಡು. ಅಟ್ಟದ ಕಿಟಕಿ ಕೊಟ್ಟಿಗೆ ಮಾಡಿನ ಮೇಲೆ ತೆರ್ಕೊಳುತ್ತೆ, ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ ಗೊತ್ತಿಲ್ಲ. ಒಬ್ಬರು ಮಲೆನಾಡಿಗೆ ಹಿತ್ತಾಳೆ ಆಗಿಬರಲ್ಲ, ಪ್ಲಾಸ್ಟಿಕ್ ಪಾರ್ಟೇ ಹಾಕಿ ಅಂದ್ರು, ಇನ್ನೊಬ್ರು ಅಸಿಟೋನ್ ಹಾಕಿ ಪೂರ್ತಿ ಕಿತ್ತು ಮೊದಲಿಂದ ಮಾಡಿ ಅಂದ್ರು, ಅಮ್ಮ ಹುಣಸೆಹಣ್ಣು ಹಚ್ಚು ಅಂತಾರೆ. ಕಿತ್ತು ಹಾಕ್ಲಾ? ಇಷ್ಟಾದ್ಮೇಲೆ ನಮ್ಮ ನೌಕಾಪಡೆಯ ಹಳೇ ಹಡಗು ಐಎನ್ಎಸ್ ಮೈಸೂರು ಮಾಡ್ಬೇಕು ಅನ್ನೋ ಆಸೆ ಬಿಟ್ಟುಬಿಡ್ಲಾ?

ಉತ್ತರ: ಮೇಷ್ಟ್ರೇ, ಮೊದಲನೇ ಮಾತು, ಕೀಳ್ಬೇಡಿ. ಅಸಿಟೋನ್ ಬಾಟ್ಲಿ ಮನೇಲಿದ್ರೆ ಅದನ್ನ ಹಡಗು ಇರೋ ರೂಮಿಂದ ಆಚೆ ಇಡಿ. ನಿಮ್ಮ ಹಡಗಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಅಸಿಟೋನ್ ಬಿದ್ದ ಕ್ಷಣಕ್ಕೆ ಅದು ಬೆಲ್ಲದ ಪಾಕದ ಥರ ಮೆತ್ತಗಾಗುತ್ತೆ. ನಾನು ಶುರುವಿನಲ್ಲಿ ಒಂದು ಹಡಗಿಗೆ ಹಾಗೇ ಮಾಡಿದ್ದೆ, ಯಾರೋ ಹೇಳಿದ್ರು ಅಂತ ಹತ್ತಿಯಲ್ಲಿ ಅದ್ದಿ ರೇಲಿಂಗ್ ಬುಡಕ್ಕೆ ಒತ್ತಿದೆ, ಗ್ಲೂ ಬಿಡ್ತು ನಿಜ, ಜೊತೆಗೆ ಡೆಕ್ ಮೇಲಿನ ಹಲಗೆ ಗೆರೆಗಳೂ ಒಂದಂಗುಲ ಅಗಲಕ್ಕೆ ಅಳಿಸಿಹೋದ್ವು. ರೇಲಿಂಗ್ ಬೇರೆ ಸಿಗುತ್ತೆ, ಆ ಡೆಕ್ ಸಿಗಲ್ಲ.

ಎರಡನೇ ಮಾತು, ನಿಮಗೆ ಇದೆಲ್ಲ ಒಂದೇ ಕಾಯಿಲೆ ಥರ ಕಾಣ್ತಾ ಇದೆ, ಮಳೆ ಬಂತು ಹಡಗು ಹೋಯ್ತು ಅಂತ. ಹಾಗಲ್ಲ. ನೀವು ಬರ್ದಿರೋದ್ರಲ್ಲಿ ಐದು ಬೇರೆ ಬೇರೆ ತೊಂದರೆ ಇದೆ, ಐದಕ್ಕೂ ಕಾರಣ ಬೇರೆ, ಐದರಲ್ಲಿ ಒಂದಕ್ಕಂತೂ ಮಳೆ ನೀರಿಗೂ ಸಂಬಂಧವೇ ಇಲ್ಲ. ಎಲ್ಲಾ ಒಂದೇ ತಿಂಗಳಲ್ಲಿ ಹೊರಗೆ ಬಂದಿದ್ದಕ್ಕೆ ಒಂದೇ ಅನ್ನಿಸ್ತಾ ಇದೆ ಅಷ್ಟೇ. ನಾನು ಇಪ್ಪತ್ತೆರಡು ವರ್ಷ ಶಿವಮೊಗ್ಗದಲ್ಲಿ ಫೌಂಡ್ರಿ ಲ್ಯಾಬಲ್ಲಿ ಕೂತು ಯಾಕೆ ಮುರೀತು, ಯಾಕೆ ಕಿಲುಬು ಬಂತು ಅಂತ ನೋಡೋದೇ ಕೆಲಸ ಮಾಡ್ದೋನು, ಹಡಗು ಕಟ್ಟೋದು ಅದರ ಪಕ್ಕಕ್ಕೇ ಬಂದ ಹುಚ್ಚು, ಹಾಗಾಗಿ ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮಲೆನಾಡಿಗೆ ಹಿತ್ತಾಳೆ ಆಗಲ್ಲ ಅನ್ನೋ ಮಾತು ತೆಗೆದುಹಾಕೋಣ. ನಿಮ್ಮ ದೇವರ ಮನೆ ದೀಪ, ಗಂಟೆ, ಬಚ್ಚಲ ಹಂಡೆ ಪಕ್ಕದ ತಂಬಿಗೆ, ಎಷ್ಟು ತಲೆಮಾರಿಂದ ಇದ್ಯೋ ಗೊತ್ತಿಲ್ಲ, ವರ್ಷಕ್ಕೆ 7000 ಮಿಲಿಮೀಟರ್‌ಗೂ ಮೇಲೆ ಮಳೆ ಹೊಡೆಯೋ ಆಗುಂಬೆಯಲ್ಲೂ ಹಿತ್ತಾಳೆ ಪಾತ್ರೆ ಹಾಗೇ ಇದೆ. ಹಿತ್ತಾಳೆ ಅಂದ್ರೆ ತಾಮ್ರ ಮತ್ತೆ ಸತುವು. ಬರೀ ಗಾಳಿ, ಬರೀ ನೀರಿಗೆ ಅದರ ಮೇಲೆ ಒಂದು ಕಂದು ಪೊರೆ ಬರುತ್ತೆ, ಆ ಪೊರೆಯೇ ಒಳಗಿನದನ್ನ ಕಾಯುತ್ತೆ. ವ್ಯತ್ಯಾಸ ಏನಂದ್ರೆ ತಂಬಿಗೆ ದಪ್ಪ ಒಂದೆರಡು ಮಿಲಿಮೀಟರ್, ನಿಮ್ಮ ಎಚ್ ಪಾರ್ಟ್ ದಪ್ಪ ಸುಮಾರು 0.15 ಮಿಲಿಮೀಟರ್, ಮಡಚೋ ಗೆರೆ ಇರೋ ಕಡೆ ಅದರ ಅರ್ಧ. ತಂಬಿಗೆಗೆ ಕಲೆ ಅನ್ನಿಸೋದು ಇದಕ್ಕೆ ತೂತು. ಹಾಗಾಗಿ ಮಲೆನಾಡಲ್ಲಿ ಹಿತ್ತಾಳೆ ಆಗುತ್ತೆ, ಕೊಳೆ ಹಿತ್ತಾಳೆ ಆಗಲ್ಲ.

ಹಸಿರು ಚುಕ್ಕಿಯಿಂದ ಶುರು ಮಾಡೋಣ, ಅದು ಸುಲಭ. ಒಂದು ಒಳ್ಳೆ ಲೆನ್ಸ್ ಮತ್ತೆ ಟಾರ್ಚ್ ತಗೊಂಡು ಓರೆಯಾಗಿ ಬೆಳಕು ಬಿಟ್ಟು ನೋಡಿ. ಚುಕ್ಕಿ ರೇಲಿಂಗಿನ ಮಧ್ಯ ಮಧ್ಯ, ಎರಡು ಬೆರಳು ಹಿಡಿಯೋ ಅಂತರದಲ್ಲಿ ಇದ್ರೆ ಅದು ನಿಮ್ಮ ಬೆವರು. ಏಪ್ರಿಲ್ ಸೆಕೆ, ಹಂಚಿನ ಮಾಡಿನ ಅಟ್ಟ, ಬೆರಳಲ್ಲಿ ಉಪ್ಪು ಇರದೇ ಇರುತ್ತಾ. ಆಗ ಒಣ ಹವೆ ಇತ್ತು, ಉಪ್ಪು ಸುಮ್ನೆ ಕೂತಿತ್ತು. ಜೂನಲ್ಲಿ ಗಾಳಿ ಒದ್ದೆ ಆದ ತಕ್ಷಣ ಆ ಉಪ್ಪು ತೇವ ಎಳ್ಕೊಂಡು ತಾಮ್ರ ತಿನ್ನೋಕೆ ಶುರು ಮಾಡುತ್ತೆ, ಅದೇ ಕಿಲುಬು. ಚುಕ್ಕಿ ಬರೀ ಬೆಸುಗೆ ಹತ್ರ ಇದ್ರೆ ಅದು ಬೆವರಲ್ಲ, ಬೆಸುಗೆ ಹಿಡಿಯೋಕೆ ಹಚ್ಚೋ ಫ್ಲಕ್ಸ್. ಅಂಗಡೀಲಿ ಸಿಗೋ ಆಸಿಡ್ ಫ್ಲಕ್ಸಲ್ಲಿ ಜಿಂಕ್ ಕ್ಲೋರೈಡ್ ಇರುತ್ತೆ, ಎಷ್ಟೋ ಸಲ ನವಸಾಗರನೂ ಇರುತ್ತೆ, ಕಲಾಯಿ ಮಾಡೋರು ಪಾತ್ರೆಗೆ ಉಜ್ತಾರಲ್ಲ ಅದೇ. ಕಲಾಯಿಯವರು ಪಾತ್ರೆ ಬಿಸಿ ಮಾಡಿ ಉಜ್ಜಿ ಕೊನೆಗೆ ನೀರಲ್ಲಿ ಅದ್ದಿ ತೊಳೀತಾರೆ, ನಾವು ಕ್ರೇನಿಗೆ ಬೆಸುಗೆ ಹಾಕಿ ಖುಷಿಯಲ್ಲಿ ಹಾಗೇ ಇಟ್ಬಿಡ್ತೀವಿ.

ಅಮ್ಮ ಹೇಳಿದ ಹುಣಸೆಹಣ್ಣಿನ ಮಾತು ಅರ್ಧ ಸರಿ. ಹುಣಸೆ ಹುಳಿ ಕಿಲುಬನ್ನ ಕರಗಿಸುತ್ತೆ, ಹಿತ್ತಾಳೆ ತೊಳೆಯೋದಕ್ಕೆ ಅದಕ್ಕಿಂತ ಸಾಧುವಾದ ಆಸಿಡ್ ಹುಡುಕೋದು ಕಷ್ಟ. ಆದ್ರೆ ತಿರುಳು ರೇಲಿಂಗ್ ಸಂದಿಯಲ್ಲಿ ಸಿಕ್ಕೊಂಡ್ರೆ ತೆಗೆಯೋಕಾಗಲ್ಲ, ಅದಕ್ಕೆ ಬೂಷ್ಟೂ ಬರುತ್ತೆ. ಅದರ ಬದಲು ಬಿಳಿ ವಿನೆಗರ್ ತಗೊಳಿ, ಸಣ್ಣ ಬ್ರಷ್ ತುದಿಯಲ್ಲಿ ಚುಕ್ಕಿಗೆ ಮಾತ್ರ ಮುಟ್ಟಿಸಿ, ಅರ್ಧ ನಿಮಿಷ, ಆಮೇಲೆ ಶುದ್ಧ ನೀರಲ್ಲಿ ಅದ್ದಿದ ಬ್ರಷ್ಷಲ್ಲಿ ಎರಡು ಮೂರು ಸಲ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೆಡಿಕಲ್ ಶಾಪಲ್ಲಿ ಅಥವಾ ಮೊಬೈಲ್ ರಿಪೇರಿ ಮಾಡೋರ ಹತ್ರ ಸಿಗುತ್ತೆ, ಪಾಲಿಸ್ಟೈರೀನಿಗೆ ಏನೂ ಮಾಡಲ್ಲ, ಅಕ್ರಿಲಿಕ್ ಪೇಂಟ್ ಮಾತ್ರ ಮೆತ್ತಗೆ ಮಾಡುತ್ತೆ, ಪೇಂಟ್ ಆಗಿರೋ ಕಡೆ ಹುಷಾರು. ಹುಳಿ ಹಾಕಿ ತೊಳೆಯದೇ ಬಿಟ್ರೆ ಹಾಕದೇ ಇದ್ದಿದ್ದಕ್ಕಿಂತ ಕೆಟ್ಟದು, ಇದೊಂದು ನೆನಪಿರಲಿ.

ಈಗ ಅಲೆ ಅಲೆ ಆದ ರೇಲಿಂಗು. ನೀವು ಬರ್ದಿರೋ ಒಂದು ವಾಕ್ಯದಲ್ಲೇ ಇದರ ಉತ್ತರ ಇದೆ, ಏಪ್ರಿಲಲ್ಲಿ ಅಟ್ಟದಲ್ಲಿ ಅಂಟಿಸ್ದೆ ಅಂತ. ಮಳೆ ನೀರಿಗೆ ಸಂಬಂಧವೇ ಇಲ್ಲ ಅಂದ್ನಲ್ಲ, ಅದು ಇದೇ. ಪಾಲಿಸ್ಟೈರೀನ್ ತೇವ ಹೀರೋದೇ ಇಲ್ಲ ಅನ್ನಬಹುದು, ಪ್ಲಾಸ್ಟಿಕ್ ಊದ್ಕೊಂಡಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಇದು ಬಿಸಿಲು ಚಳಿ ಲೆಕ್ಕ. ಬಿಸಿ ಆದ್ರೆ ಎಲ್ಲವೂ ಹಿಗ್ಗುತ್ತೆ, ತಣ್ಣಗಾದ್ರೆ ಕುಗ್ಗುತ್ತೆ, ಆದ್ರೆ ಒಂದೇ ಸಮ ಅಲ್ಲ. ಒಂದು ಡಿಗ್ರಿಗೆ ಹಿತ್ತಾಳೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 19 ಪಾಲು ಬದಲಾಗುತ್ತೆ, ಪಾಲಿಸ್ಟೈರೀನ್ ಸುಮಾರು 70 ಪಾಲು. ಬಿಸ್ಮಾರ್ಕ್ ನಿಜವಾದ ಉದ್ದ 251 ಮೀಟರ್, ನಿಮ್ಮದು 1/350 ಅಂದ್ರೆ ಹತ್ರ ಹತ್ರ 72 ಸೆಂಟಿಮೀಟರ್. ಏಪ್ರಿಲ್ ಮಧ್ಯಾಹ್ನ ಹಂಚಿನ ಕೆಳಗೆ 40 ಡಿಗ್ರಿ ಇತ್ತು ಅನ್ಕೊಳಿ, ಈಗ ಜಡಿಮಳೆ ರಾತ್ರಿ 20. ಇಪ್ಪತ್ತು ಡಿಗ್ರಿ ಇಳಿದಾಗ ಅಷ್ಟುದ್ದದ ಡೆಕ್ಕು ರೇಲಿಂಗಿಗಿಂತ ಸುಮಾರು 0.7 ಮಿಲಿಮೀಟರ್ ಜಾಸ್ತಿ ಕುಗ್ಗಿರುತ್ತೆ. ಕೇಳೋಕೆ ಸಣ್ಣದು, ಆದ್ರೆ ನಿಮ್ಮ ರೇಲಿಂಗ್ ಕಂಬಿಯೇ 0.1 ಮಿಲಿಮೀಟರ್ ಆಸುಪಾಸು. ಅದರ ಏಳು ಪಟ್ಟು ಉದ್ದ ಹೆಚ್ಚಾಗಿಬಿಟ್ರೆ ಅದು ಎಲ್ಲಿಗೆ ಹೋಗ್ಬೇಕು? ಪಕ್ಕಕ್ಕೆ ಬಾಗುತ್ತೆ, ಗ್ಲೂ ಎಲ್ಲಿ ತೆಳ್ಳಗಿದ್ಯೋ ಅಲ್ಲಿ ಏಳುತ್ತೆ. ಮೂತಿ ಹತ್ರ ಎದ್ದಿದ್ದು ಯಾಕಂದ್ರೆ ಅಲ್ಲಿ ಡೆಕ್ಕಿಗೆ ತಿರುವೂ ಇದೆ ಏರೂ ಇದೆ, ರೇಲಿಂಗ್ ಮೊದಲೇ ಸ್ಪ್ರಿಂಗ್ ಥರ ಎಳ್ಕೊಂಡು ನಿಂತಿತ್ತು. ಇದನ್ನೇ ನೀವು ಡಿಸೆಂಬರ್ ಚಳೀಲಿ ಅಂಟಿಸಿದ್ರೆ ಉಲ್ಟಾ ಆಗ್ತಿತ್ತು, ಏಪ್ರಿಲಲ್ಲಿ ಬಿಗಿದು ತುದಿಗಳಲ್ಲಿ ಪಟ್ ಅಂತ ಬಿಡ್ತಿತ್ತು. ಅಂದ್ರೆ ನಿಮ್ಮ ಕೈ ಕೆಲಸ ತಪ್ಪಿಲ್ಲ, ಉದ್ದ ತಪ್ಪಿದ್ದು.

ಪರಿಹಾರ, ಉದ್ದ ಪಟ್ಟಿ ಹಾಕ್ಬಾರ್ದು. ಐದಾರು ಸೆಂಟಿಮೀಟರಿನ ತುಂಡು ಮಾಡಿ, ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಕಾಗದ ತೂರೋಷ್ಟು ಸಂದು ಬಿಡಿ. ಐದು ಸೆಂಟಿಮೀಟರಿಗೆ ಅದೇ ಲೆಕ್ಕ ಹಾಕಿದ್ರೆ ವ್ಯತ್ಯಾಸ 0.05 ಮಿಲಿಮೀಟರ್, ಅಷ್ಟನ್ನ ಗ್ಲೂ ತಡ್ಕೊಳುತ್ತೆ. ಕಂಬ ಇರೋ ಜಾಗದಲ್ಲೇ ಕತ್ತರಿಸಿದ್ರೆ ಸಂದು ಕಣ್ಣಿಗೇ ಕಾಣಲ್ಲ. ಈಗ ಅಂಟಿರೋದನ್ನೂ ಕೀಳ್ಬೇಕಿಲ್ಲ, ಅಲೆ ಬಂದಿರೋ ಕಡೆ ಕಂಬದ ಪಕ್ಕ ಹೊಸ ಬ್ಲೇಡ್ ತುದಿ ಇಟ್ಟು ಅಡ್ಡ ಕಂಬಿಗಳನ್ನ ಒಂದೊಂದಾಗಿ ಒತ್ತಿ ಕತ್ತರಿಸಿ, ಒತ್ತೋವಾಗ ಹಿಂದುಗಡೆಯಿಂದ ಒಂದು ಪ್ಲಾಸ್ಟಿಕ್ ಚೂರು ಆಸರೆ ಕೊಡಿ. ಕತ್ತರಿಸಿದ ಕೂಡ್ಲೇ ಆ ಭಾಗ ತಾನಾಗೇ ನೇರ ಆಗೋದನ್ನ ನೀವೇ ನೋಡ್ತೀರಿ, ಹೆಚ್ಚಾದ ಕೂದಲೆಳೆಯಷ್ಟು ತುದಿ ಒಂದರ ಮೇಲೊಂದು ಬರುತ್ತೆ, ಅದನ್ನ ಚಿವುಟಿ ತೆಗೀರಿ. ಮೂರು ನಾಲ್ಕು ಕಡೆ ಹೀಗೆ ಬಿಡಿಸಿದ್ರೆ ಒಂದು ಬದಿ ಪೂರ್ತಿ ಸರಿಹೋಗುತ್ತೆ. ಎದ್ದು ಬಂದಿರೋ ಎರಡಿಂಚು ಮಾತ್ರ ಪೂರ್ತಿ ಬಿಡಿಸಿ ಮತ್ತೆ ಹಾಕಿ. ಸೂಪರ್ ಗ್ಲೂಗೆ ಎಳೆದ್ರೆ ಶಕ್ತಿ ಜಾಸ್ತಿ, ಸಿಪ್ಪೆ ಸುಲಿದಂಗೆ ಒಂದು ಕಡೆಯಿಂದ ಎತ್ತಿದ್ರೆ ಶಕ್ತಿ ಕಮ್ಮಿ, ಹಾಗಾಗಿ ಬ್ಲೇಡನ್ನ ಮಲಗಿಸಿ ಬುಡದಲ್ಲಿ ನಿಧಾನ ತೂರಿಸಿದ್ರೆ ಯಾವ ಕೆಮಿಕಲ್ಲೂ ಇಲ್ದೆ ಬಿಟ್ಕೊಳುತ್ತೆ.

ಬಿಳಿ ಬೂದಿ ಬೂಷ್ಟಲ್ಲ, ಗಾಬರಿ ಬೇಡ. ಸೂಪರ್ ಗ್ಲೂ ಒಣಗೋದು ಅಂತೀವಿ, ನಿಜಕ್ಕೂ ಅದು ಒಣಗಲ್ಲ, ಮೇಲ್ಮೈಲಿರೋ ತೇವ ತಾಗಿ ಗಟ್ಟಿಯಾಗುತ್ತೆ. ಫೆವಿಕ್ವಿಕ್ ಆಗ್ಲಿ ಹೊರದೇಶದ ದುಬಾರಿ ಬಾಟ್ಲಿ ಆಗ್ಲಿ, ಎಲ್ಲಾ ಒಂದೇ ಮನೆತನ, ಸಯನೋಅಕ್ರಿಲೇಟ್. ಗಾಳೀಲಿ ತೇವ ವಿಪರೀತ ಇದ್ದಾಗ ಗ್ಲೂವಿನ ಆವಿ ಗಾಳಿಯಲ್ಲೇ ಗಟ್ಟಿಯಾಗಿ ಪುಡಿ ಥರ ಸುತ್ತ ಬಂದು ಕೂರುತ್ತೆ. ಮಳೆಗಾಲದಲ್ಲಿ ಗ್ಲೂ ನಿಧಾನ ಹಿಡಿಯುತ್ತೆ ಅಂತ ಜನ ಅಂದ್ಕೊಂಡು ಜಾಸ್ತಿ ಜಾಸ್ತಿ ಸುರೀತಾರೆ, ಆಗೋದು ಉಲ್ಟಾ, ಬೇಗ ಹಿಡಿಯುತ್ತೆ, ಬೇಗ ಹಿಡಿದಿದ್ದು ಸರಿಯಾಗಿ ಅಂಟಿರಲ್ಲ, ಜಾಸ್ತಿ ಹಾಕಿದಷ್ಟೂ ಆವಿ ಜಾಸ್ತಿ ಬೂದಿ ಜಾಸ್ತಿ. ಆ ಬೂದೀನ ಆಲ್ಕೋಹಾಲಲ್ಲಿ ಅದ್ದಿದ ಮೆತ್ತನೆ ಬ್ರಷ್ಷಲ್ಲಿ ಒರೆಸಿ, ಉಳಿದಿದ್ದು ಪೇಂಟ್ ಕೆಳಗೆ ಮುಚ್ಚಿಹೋಗುತ್ತೆ. ಮುಂದಕ್ಕೆ ಹೀಗೆ ಮಾಡಿ, ಗ್ಲೂ ನೇರ ಟ್ಯೂಬಿಂದ ಹಾಕ್ಬೇಡಿ, ಒಂದು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಒಂದು ಹನಿ ಬಿಟ್ಕೊಳಿ, ಸೂಜಿಯ ಹಿಂದಿನ ತುದೀಲಿ, ಅಂದ್ರೆ ದಾರ ಪೋಣಿಸೋ ಕಣ್ಣಿನ ತುದೀನ ಕತ್ತರಿಸಿ ಕವಲು ಥರ ಮಾಡ್ಕೊಂಡು, ಅದ್ರಲ್ಲಿ ಅದ್ದಿ ಮುಟ್ಟಿಸಿ, ಆ ಕವಲಲ್ಲಿ ಸಾಸಿವೆ ಕಾಳಿನ ಹತ್ತನೇ ಒಂದು ಭಾಗ ಗ್ಲೂ ನಿಲ್ಲುತ್ತೆ, ಅಷ್ಟೇ ಸಾಕು. ಹತ್ತಿರದಲ್ಲಿ ಸಣ್ಣ ಫ್ಯಾನ್ ಇಟ್ಟು ಆವಿ ಆಚೆ ಹೋಗೋ ಹಾಗೆ ಮಾಡಿ, ಅಂಟಿಸಿದ ತಕ್ಷಣ ಡಬ್ಬಿ ಮುಚ್ಚಬೇಡಿ. ಬಾಟ್ಲಿನ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬೀಲಿಟ್ಟು ಫ್ರಿಜ್ಜಲ್ಲಿಡಿ, ತೆಗೆದ ಮೇಲೆ ಒಂದು ಗಂಟೆ ಹೊರಗಿಟ್ಟು ಆಮೇಲೆ ಮುಚ್ಚಳ ತೆಗೀರಿ, ಇಲ್ದಿದ್ರೆ ತಣ್ಣನೆ ಬಾಟ್ಲಿ ಒಳಗೆ ನೀರು ಕೂತು ನಾಲ್ಕೇ ದಿನಕ್ಕೆ ಮಂದವಾಗುತ್ತೆ.

ಪ್ರೈಮರ್ ವಿಷಯ ಚಿಕ್ಕದು. ಸ್ಪ್ರೇ ಮಾಡಿದಾಗ ಥಿನ್ನರ್ ಆವಿಯಾಗ್ತಾ ಆಗ್ತಾ ಲೋಹದ ಮೇಲ್ಮೈನ ತಣ್ಣಗೆ ಮಾಡುತ್ತೆ, ಒದ್ದೆ ಗಾಳಿ ಅಲ್ಲಿ ಮಂಜಾಗಿ ಕೂರುತ್ತೆ, ನಿಮ್ಮ ಪ್ರೈಮರ್ ಹಿತ್ತಾಳೆ ಮೇಲಲ್ಲ ನೀರಿನ ಮೇಲೆ ಕೂತಿದೆ. ಕೆಳಗೆ ಬೆರಳಿನ ಎಣ್ಣೆ ಬೇರೆ. ಏಳ್ತಾ ಇರೋದನ್ನ ಟೇಪ್ ಅಂಟಿಸಿ ಮೆಲ್ಲಗೆ ಎತ್ತಿ ತೆಗೀರಿ, ಗಟ್ಟಿ ಇರೋದನ್ನ ಬಿಡಿ. ಮತ್ತೆ ಹೊಡೆಯೋದು ಮಳೆ ಬಿಟ್ಟ ಮೇಲೆ. ಮುಂದಿನ ಸಲಕ್ಕೆ, ಫ್ರೆಟ್ಟಿಂದ, ಅಂದ್ರೆ ಪಾರ್ಟೆಲ್ಲ ಸೇರ್ಕೊಂಡಿರೋ ತಗಡಿಂದ, ಬಿಡಿಸೋ ಮೊದಲೇ ಅದನ್ನ ಇಡಿಯಾಗಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೆದು, ವಿನೆಗರಲ್ಲಿ ಎರಡು ನಿಮಿಷ ಬಿಟ್ಟು, ಮತ್ತೆ ತೊಳೆದು, ಒಣಗಿಸಿ, ಕಾರ್ ಪೇಂಟ್ ಅಂಗಡೀಲಿ ಸಿಗೋ ಎಚ್ ಪ್ರೈಮರ್ ತೆಳ್ಳಗೆ ಹೊಡೆದಿಡಿ. ಅದರಲ್ಲಿ ಫಾಸ್ಫಾರಿಕ್ ಆಸಿಡ್ ಇರೋದ್ರಿಂದ ಲೋಹವನ್ನ ಕಚ್ಕೊಳುತ್ತೆ. ಅಪಾಯ ಏನಂದ್ರೆ ಅದರ ಥಿನ್ನರ್ ಖಾರ, ಪ್ಲಾಸ್ಟಿಕ್ ಮೇಲೆ ನೇರ ಹೊಡೆದ್ರೆ ಕೆಡಿಸುತ್ತೆ, ಮೂಗಿಗೂ ಒಳ್ಳೇದಲ್ಲ, ಮಾಸ್ಕ್ ಹಾಕಿ ಹೊರಗಡೆ ಮಾಡಿ. ಅಂಟಿಸೋ ಬುಡದ ಕಂಬಿ ಮೇಲೆ ಮಾತ್ರ ಪ್ರೈಮರ್ ಕೆರೆದು ತೆಗೀರಿ, ಗ್ಲೂ ಲೋಹಕ್ಕೇ ಅಂಟ್ಬೇಕು.

ಇನ್ನು ಕ್ರೇನ್. ಇದನ್ನ ಓದಿದಾಗ ನಾನು ಕುರ್ಚಿಯಿಂದ ಸ್ವಲ್ಪ ಮುಂದೆ ಬಂದು ಕೂತೆ, ಯಾಕಂದ್ರೆ ಯಾರೂ ಮುಟ್ಟದೇ ಮಡಚಿದ ಜಾಗದಲ್ಲೇ ಮುರಿದ ಹಿತ್ತಾಳೆ, ಮಳೆಗಾಲ, ಪಕ್ಕದಲ್ಲಿ ಕೊಟ್ಟಿಗೆ, ಇದು ಲೋಹದ ಓದಿನಲ್ಲಿ ಬಹಳ ಹಳೇ ಕಥೆ, ಅದೂ ನಮ್ಮ ದೇಶದ್ದೇ. ಬ್ರಿಟಿಷ್ ಸೈನ್ಯದವರು ಇಲ್ಲಿ ತೋಟಾಗಳನ್ನ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡ್ತಿದ್ರು, ಮಳೆ ಮುಗಿಯೋ ಹೊತ್ತಿಗೆ ತೋಟಾದ ಹಿತ್ತಾಳೆ ಕೋಶಗಳು ತಾವಾಗೇ ಬಿರುಕು ಬಿಟ್ಟಿರ್ತಿದ್ವು. ಸೀಸನ್ ಕ್ರ್ಯಾಕಿಂಗ್ ಅಂತ ಅದಕ್ಕೆ ಹೆಸರಾಯ್ತು. ಕಾರಣ ಸರಿಯಾಗಿ ಗೊತ್ತಾಗಿದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳೋ ಅಮೋನಿಯ, ಗಾಳಿಯ ತೇವ, ಮತ್ತೆ ಕೋಶ ಮಾಡೋವಾಗ ಲೋಹವನ್ನ ಒತ್ತಿ ಎಳೆದಿದ್ದರಿಂದ ಒಳಗೇ ಉಳಿದ ಬಿಗಿತ, ಈ ಮೂರೂ ಸೇರಿದ್ರೆ ಹಿತ್ತಾಳೆ ಬಿರಿಯುತ್ತೆ. ಮೂರರಲ್ಲಿ ಒಂದನ್ನ ತೆಗೆದ್ರೆ ಬಿರಿಯಲ್ಲ. ನಿಮ್ಮ ಕ್ರೇನಲ್ಲಿ ಮೂರೂ ಇದೆ, ಗಂಜಲದ ಗಾಳಿ ಕಿಟಕಿಯಿಂದ, ತೇವ ಆಕಾಶದಿಂದ, ಬಿಗಿತ ನೀವು ಚಿಮಟದಲ್ಲಿ ಮಡಚಿದ್ದರಿಂದ, ಫ್ಲಕ್ಸಲ್ಲಿ ನವಸಾಗರ ಇದ್ದಿದ್ರೆ ಅದರಿಂದಲೂ ಇನ್ನಷ್ಟು ಅಮೋನಿಯ.

ಆದ್ರೂ ತಕ್ಷಣ ಕೊಟ್ಟಿಗೆ ಮೇಲೆ ಹಾಕ್ಬೇಡಿ, ಮೊದಲು ಮುರಿದ ತುದಿ ನೋಡಿ. ಎಚ್ ಪಾರ್ಟ್ ಮುರಿಯೋದಕ್ಕೆ ಇದಕ್ಕಿಂತ ತುಂಬಾ ಸಾಮಾನ್ಯ ಕಾರಣ ಅಂದ್ರೆ ಮಡಚಿ, ಸರಿಯಾಗ್ಲಿಲ್ಲ ಅಂತ ಬಿಡಿಸಿ, ಮತ್ತೆ ಮಡಚೋದು. ಅರ್ಧ ದಪ್ಪದ ಗೆರೆ ಒಂದು ಸಲ ಮಡಚೋಕೆ ಮಾತ್ರ ಮಾಡಿರೋದು, ಎರಡನೇ ಸಲಕ್ಕೆ ಅದು ಗಡಸಾಗಿರುತ್ತೆ, ಮೂರನೇ ಸಲ ಮುರಿಯುತ್ತೆ. ಹಾಗೆ ಮುರಿದಿದ್ರೆ ತುದಿ ಸ್ವಲ್ಪ ಎಳೆದಂಗೆ, ಬಾಗಿದಂಗೆ ಕಾಣುತ್ತೆ, ಸಾಮಾನ್ಯವಾಗಿ ಕೈಯಲ್ಲಿದ್ದಾಗಲೇ ಮುರಿಯುತ್ತೆ. ಅಮೋನಿಯ ಬಿರುಕಾದ್ರೆ ತುದಿ ಒಣ ಕಡ್ಡಿ ಮುರಿದಂಗೆ ಚೊಕ್ಕ, ಮಡಚಿನ ಹೊರಬದಿಯಿಂದ ಶುರುವಾಗಿರುತ್ತೆ, ಅಕ್ಕಪಕ್ಕ ಇನ್ನೂ ಮುರಿಯದ ಕೂದಲಿನಂಥ ಬಿರುಕು ಒಂದೆರಡು ಇರುತ್ತೆ, ಸುತ್ತ ಲೋಹ ಕಪ್ಪಾಗಿರಬಹುದು. ನೀವು ಹೇಳೋ ಲಕ್ಷಣ ಎರಡನೇದರ ಕಡೆಗೇ ವಾಲುತ್ತೆ. ಉಳಿದ ಮಡಚಿದ ಭಾಗಗಳನ್ನ, ಅರಾಡೊ ವಿಮಾನ ಹಾರಿಸೋ ಕವಣೆ, ರೇಡಾರಿನ ಹಾಸಿಗೆಯಂಥ ಜಾಲರಿ, ಎಲ್ಲಾ ಲೆನ್ಸಲ್ಲಿ ಒಂದು ಸಲ ನೋಡಿಬಿಡಿ. ಇನ್ನೊಂದು, ಗಾಜು ಒರೆಸೋ ನೀಲಿ ದ್ರವದಲ್ಲೂ ಅಮೋನಿಯ ಇರುತ್ತೆ, ಏರ್‌ಬ್ರಷ್ ತೊಳೆಯೋಕೆ ಅದನ್ನ ಬಳಸ್ತಿದ್ರೆ ಹಡಗಿನ ಹತ್ರ ಬೇಡ.

ಕ್ರೇನಿಗೆ ದಾರಿ ಮೂರಿದೆ. ಒಂದು, ಕಿಟ್ಟಲ್ಲಿ ಬಂದ ಪ್ಲಾಸ್ಟಿಕ್ ಕ್ರೇನ್ ಹಾಕೋದು, ಅಪಾಯ ಏನೂ ಇಲ್ಲ, ಆದ್ರೆ ಜಾಲರಿ ಕಾಣಬೇಕಾದ ಕಡೆ ಹಲಗೆ ಕಾಣುತ್ತೆ, ನಿಮ್ಮ ಮನಸ್ಸು ಒಪ್ಪಲ್ಲ ಅಂತ ನನಗೆ ಗೊತ್ತು. ಎರಡು, ಮುರಿದ ಜಾಗಕ್ಕೆ ಒಳಗಿಂದ 0.3 ಮಿಲಿಮೀಟರ್ ತಂತಿ ಆಸರೆ ಇಟ್ಟು ಅಂಟಿಸೋದು, ಒಂದು ಸಂಜೆ ಕೆಲಸ, ಆದ್ರೆ ಪಕ್ಕದ ಮಡಚಿನಲ್ಲಿ ಬಿಗಿತ ಹಾಗೇ ಇರೋದ್ರಿಂದ ಮುಂದಿನ ಮಳೆಗಾಲಕ್ಕೆ ಅದೂ ಬಿರಿಯಬಹುದು. ಮೂರು, ಕ್ರೇನ್ ಫ್ರೆಟ್ ಇನ್ನೊಂದು ತರಿಸಿ ಸರಿಯಾಗಿ ಮಾಡೋದು. ನಾನಾಗಿದ್ರೆ ಮೂರನೇದು.

ಸರಿಯಾಗಿ ಅಂದ್ರೆ ಹೇಗೆ ಅಂತ ಹೇಳ್ತೀನಿ. ಪಾರ್ಟ್ ಮಡಚಿದ ಮೇಲೆ, ಬೆಸುಗೆ ಹಾಕೋ ಮೊದಲು, ಬರೀ ಹಿತ್ತಾಳೆ ಇದ್ದಾಗ, ಒಟಿಜಿ ಓವನ್ನಲ್ಲಿ 250 ಡಿಗ್ರಿಗೆ ಒಂದು ಗಂಟೆ ಇಟ್ಟು ಅಲ್ಲೇ ತಣ್ಣಗಾಗೋಕೆ ಬಿಡಿ. ಇಷ್ಟು ಬಿಸಿಗೆ ಒಳಗಿನ ಬಿಗಿತ ಇಳಿಯುತ್ತೆ, ಆದ್ರೆ ಲೋಹ ಮೆತ್ತಗಾಗಲ್ಲ, ತೋಟಾದ ಕೋಶಗಳಿಗೂ ಕೊನೆಗೆ ಸಿಕ್ಕ ಪರಿಹಾರ ಇಂಥದ್ದೇ, ಹದವಾಗಿ ಬಿಸಿ ಮಾಡಿ ಬಿಗಿತ ತೆಗೆಯೋದು. ಬೆಸುಗೆ ಆದ ಮೇಲೆ ಇದು ಸಾಧ್ಯವಿಲ್ಲ, ನಮ್ಮ ಸಾಮಾನ್ಯ ಸೀಸ ತವರದ ಬೆಸುಗೆ 183 ಡಿಗ್ರಿಗೇ ಕರಗೋಕೆ ಶುರುವಾಗುತ್ತೆ. ಇದನ್ನ ಬೆಂಕೀಲಿ ಕೆಂಪಗೆ ಕಾಯಿಸೋ ಅನೀಲಿಂಗ್ ಜೊತೆ ಗೊಂದಲ ಮಾಡ್ಕೋಬೇಡಿ. ಅನೀಲಿಂಗ್ ಬೇಕಾಗೋದು ದುಂಡಗೆ ಸುತ್ತಬೇಕಾದ ಪಾರ್ಟಿಗೆ, ಉದಾಹರಣೆಗೆ ಚಿಮಣಿ ಮೇಲಿನ ಜಾಲರಿ. ಕತ್ತಲೆ ರೂಮಲ್ಲಿ ಗ್ಯಾಸ್ ಒಲೆ ಸಣ್ಣ ಉರಿ ಮೇಲೆ ಚಿಮಟದಲ್ಲಿ ಹಿಡಿದು ದಾಟಿಸಿ, ಮಂದ ಕೆಂಪು ಕಂಡ ತಕ್ಷಣ ಆಚೆ. ಆ ಕೆಂಪು ಅರ್ಧ ಸೆಕೆಂಡ್ ಹೆಚ್ಚಾದ್ರೆ ಇಷ್ಟು ತೆಳು ತಗಡು ಮುದುಡಿ ಉಂಡೆಯಾಗುತ್ತೆ, ಹಾಗೆ ಒಂದು ಇಡೀ ಫ್ರೆಟ್ ಕಳ್ಕೊಂಡಿದೀನಿ, ಅದಕ್ಕೇ ಮೊದಲು ಫ್ರೆಟ್ಟಿನ ಅಂಚಿನ ಖಾಲಿ ಪಟ್ಟಿ ಕತ್ತರಿಸ್ಕೊಂಡು ಅಭ್ಯಾಸ ಮಾಡಿ ಅಂತೀನಿ. ರೇಲಿಂಗಿಗೆ ಅನೀಲಿಂಗ್ ಬೇಡವೇ ಬೇಡ, ಮೆತ್ತಗಾಗಿ ಉಸಿರು ತಾಗಿದ್ರೂ ಬಾಗುತ್ತೆ.

ಬೆಸುಗೆ ಆದ ಮೇಲೆ ಬಿಸಿ ನೀರಿಗೆ ಒಂದು ಚಿಟಿಕೆ ಅಡಿಗೆ ಸೋಡ ಹಾಕಿ ಹಳೇ ಟೂತ್‌ಬ್ರಷ್ಷಲ್ಲಿ ಮೆಲ್ಲಗೆ ತಿಕ್ಕಿ, ಆಮೇಲೆ ಎರಡು ಸಲ ಬರೀ ನೀರು, ಆಮೇಲೆ ಆಲ್ಕೋಹಾಲ್. ಬೆಸುಗೆ ಕೆಲಸ ಹಡಗಿನ ಮೇಲೆ ಯಾವತ್ತೂ ಬೇಡ, ಪಾಲಿಸ್ಟೈರೀನ್ ನೂರು ಡಿಗ್ರಿ ಹತ್ರಕ್ಕೇ ಮೆತ್ತಗಾಗುತ್ತೆ, ಹೊರಗೆ ಮಾಡಿ ತಂದು ಕೂರಿಸಿ.

ಈಗ ಹಡಗನ್ನ ಎಲ್ಲಿಡೋದು. ಅಟ್ಟದಿಂದ ಇಳಿಸಿ, ಇದು ಇವತ್ತೇ ಮಾಡ್ಬೇಕಾದ ಕೆಲಸ. ಕೊಟ್ಟಿಗೆ ಕಡೆ ಕಿಟಕಿ ಇಲ್ಲದ ರೂಮು, ಬಚ್ಚಲ ಒಲೆ ಹೊಗೆ ಬರದ ರೂಮು, ನೆಲದಿಂದ ಮೇಲೆ. ಒಂದು ಸಣ್ಣ ಡಿಜಿಟಲ್ ತೇವಾಂಶ ಮೀಟರ್ ತಗೊಳಿ, ದುಬಾರಿಯಲ್ಲ, ಅದಿಲ್ದೆ ನಾವು ಕತ್ತಲೆಯಲ್ಲಿ ಕಲ್ಲು ಹೊಡ್ದಂಗೆ. ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ ಒಳಗೆ ಅರ್ಧ ಕೆಜಿ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾಗೋ ಕಾಳು ತಗೊಂಡ್ರೆ ಯಾವಾಗ ತುಂಬಿತು ಅಂತ ಗೊತ್ತಾಗುತ್ತೆ, 120 ಡಿಗ್ರಿ ಓವನ್ನಲ್ಲಿ ಎರಡು ಗಂಟೆ ಇಟ್ರೆ ಮತ್ತೆ ಹೊಸದು. ಒಳಗೆ ತೇವಾಂಶ ಶೇಕಡಾ 45ರಿಂದ 55 ಇದ್ರೆ ಸಾಕು. ಕೆಲವರು ಬೀರುವಿನಲ್ಲಿ ಜೀರೋ ಬಲ್ಬ್ ಹಾಕಿಡ್ತಾರೆ, ಬಟ್ಟೆಗೆ ಕ್ಯಾಮರಾಗೆ ಸರಿ, ಹಡಗಿಗೆ ನನಗೆ ಇಷ್ಟವಿಲ್ಲ, ಕರೆಂಟ್ ಹೋಗಿ ಬಂದು ಹೋಗಿ ಬಂದು ಬಿಸಿ ತಣ್ಣಗೆ ಆಗ್ತಾ ಇರುತ್ತೆ, ರೇಲಿಂಗ್ ಕಥೆ ಮೇಲೇ ಹೇಳಿದೀನಲ್ಲ. ಪೆಟ್ಟಿಗೆ ಮಾಡೋರಿಗೆ ಒಂದು ಮಾತು ಖಂಡಿತ ಹೇಳಿ, ಅಂಚಿಗೆ ಹಾಕೋ ಸಿಲಿಕಾನ್ ವಿನೆಗರ್ ವಾಸನೆ ಬರೋದಾಗಿರಬಾರ್ದು. ಆ ವಾಸನೆ ಅಸಿಟಿಕ್ ಆಸಿಡ್ದು, ಮುಚ್ಚಿದ ಪೆಟ್ಟಿಗೆಯೊಳಗೆ ಅದು ಹಿತ್ತಾಳೆ ತಿನ್ನುತ್ತೆ, ಎಷ್ಟೋ ಜನ ಹಡಗನ್ನ ಕಾಪಾಡೋಕೆ ಅಂತ ಮಾಡಿಸಿದ ಪೆಟ್ಟಿಗೆಯಿಂದಲೇ ಕಿಲುಬು ಬರಿಸ್ಕೊಂಡಿದಾರೆ. ನ್ಯೂಟ್ರಲ್ ಸಿಲಿಕಾನ್ ಅಂತ ಕೇಳಿ ತಗೊಳಿ. ಹಸಿ ಪ್ಲೈವುಡ್ ತಳನೂ ಇಂಥದ್ದೇ ಆವಿ ಬಿಡುತ್ತೆ, ಹಾಕಿದ್ರೆ ಎಲ್ಲಾ ಬದಿ ಸೀಲ್ ಮಾಡಿಸಿ ಒಂದು ತಿಂಗಳು ಗಾಳಿಗೆ ಬಿಟ್ಟು ಆಮೇಲೆ ಹಡಗು ಇಡಿ.

ಈ ಮಳೆಯಲ್ಲಿ ಏನು ಮಾಡಬಹುದು ಏನು ಮಾಡಬಾರ್ದು ಅಂದ್ರೆ, ಕಿಲುಬು ತೆಗೆಯೋದು, ಫ್ಲಕ್ಸ್ ತೊಳೆಯೋದು, ರೇಲಿಂಗ್ ಕತ್ತರಿಸಿ ಬಿಡಿಸೋದು ಈಗಲೇ ಮಾಡಿ, ಅವು ಕಾದಷ್ಟೂ ಕೆಡುತ್ತೆ. ಅಂಟಿಸೋದು ಅನಿವಾರ್ಯ ಇದ್ದಷ್ಟು. ಸ್ಪ್ರೇ ಮಾಡೋದು ದೀಪಾವಳಿ ಕಳೆದ ಮೇಲೆ. ರಿಗ್ಗಿಂಗ್ ದಾರ, ಅಂದ್ರೆ ಕಂಬಗಳ ನಡುವೆ ಎಳೆಯೋ ಹಗ್ಗದ ಎಳೆ, ಇನ್ನೂ ಕಟ್ಟಿಲ್ಲ ಅನ್ಸುತ್ತೆ, ಹತ್ತಿ ದಾರ ಬೇಡ, ತೇವಕ್ಕೆ ಸಡಿಲ ಬಿಗಿ ಆಡ್ತಾನೇ ಇರುತ್ತೆ, ಹಿಗ್ಗೋ ಎಲಾಸ್ಟಿಕ್ ಎಳೆ ಸಿಗುತ್ತೆ ಅದೇ ಹಾಕಿ. ರೇಲಿಂಗ್ ಅಂಟಿಸೋ ಕೆಲಸಕ್ಕೆ ನಮ್ಮ ಕಡೆ ನವೆಂಬರ್ ಮತ್ತೆ ಫೆಬ್ರವರಿ ಒಳ್ಳೇದು, ಹವೆ ಒಣಗಿರುತ್ತೆ, ಸೆಕೆಯೂ ಇಲ್ಲ ವಿಪರೀತ ಚಳಿಯೂ ಇಲ್ಲ, ವರ್ಷದ ಏರಿಳಿತದ ನಡುವಿನ ಹದಕ್ಕೆ ರೇಲಿಂಗ್ ಕೂತ್ಕೊಳುತ್ತೆ.

ಐಎನ್ಎಸ್ ಮೈಸೂರು ಆಸೆ ಯಾಕೆ ಬಿಡ್ತೀರಿ ಮಾರಾಯ್ರೇ. ಅದು ಮೊದಲು ಬ್ರಿಟಿಷರ ಎಚ್ಎಂಎಸ್ ನೈಜೀರಿಯ ಆಗಿತ್ತು, 1957ರಲ್ಲಿ ನಮ್ಮ ನೌಕಾಪಡೆಗೆ ಸೇರ್ತು, 1971ರ ಯುದ್ಧದಲ್ಲಿ ಪಶ್ಚಿಮದ ಫ್ಲೀಟಿನ ಫ್ಲ್ಯಾಗ್‌ಶಿಪ್, ಅಂದ್ರೆ ದಳಪತಿ ಇರೋ ಹಡಗು, 1985ರಲ್ಲಿ ನಿವೃತ್ತಿ. ಉದ್ದ ಸುಮಾರು 169 ಮೀಟರ್, 1/350ಕ್ಕೆ 48 ಸೆಂಟಿಮೀಟರ್, ಅಂದ್ರೆ ನಿಮ್ಮ ಬಿಸ್ಮಾರ್ಕಿಗಿಂತ ಮೂರನೇ ಒಂದು ಭಾಗ ಚಿಕ್ಕದು, ರೇಲಿಂಗ್ ತಲೆನೋವೂ ಅಷ್ಟೇ ಕಮ್ಮಿ. ಒಂದು ಎಚ್ಚರಿಕೆ, ನೈಜೀರಿಯ ಆಗಿದ್ದಾಗ ಆರಿಂಚಿನ ಫಿರಂಗಿ ನಾಲ್ಕು ಟರೆಟ್ಟಲ್ಲಿ, ಅಂದ್ರೆ ತಿರುಗೋ ಫಿರಂಗಿ ಗೂಡಲ್ಲಿ, ಹನ್ನೆರಡು ಇತ್ತು, ಮೈಸೂರು ಆಗಿ ಬಂದಾಗ ಹಿಂದಿನ ಎರಡರಲ್ಲಿ ಮೇಲಿನ ಟರೆಟ್ ಇರ್ಲಿಲ್ಲ, ಮೂರು ಟರೆಟ್ ಒಂಬತ್ತು ಫಿರಂಗಿ. ಯುದ್ಧಕಾಲದ ನಕ್ಷೆ ಇಟ್ಕೊಂಡು ಶುರು ಮಾಡ್ಬೇಡಿ, ಮೈಸೂರಿನದೇ ಫೋಟೋಗಳನ್ನ ಕೂಡಿಸ್ಕೊಳಿ, ಈ ಮಳೆಗಾಲ ಪೂರ್ತಿ ಆ ಕೆಲಸಕ್ಕೇ ಇಟ್ಕೊಳಿ. ಫ್ರೆಟ್ ಕೈಗೆ ಬಂದ ದಿನ ಕವರ್ ಹರಿಯೋ ಮೊದಲು ಕೈ ಸೋಪಲ್ಲಿ ತೊಳ್ಕೊಳಿ, ಫ್ರೆಟ್ಟಿನ ಅಂಚು ಮಾತ್ರ ಹಿಡೀರಿ.